ಮಳವಳ್ಳಿ ಬೈಕಿನ ಕ್ಲಚ್ಚು, ನನ್ನ ಆರು ವಾಷರು

ಮಂಡ್ಯದ ಗುತ್ತಲಿನಲ್ಲಿದ್ದ ನನ್ನ ಗ್ಯಾರೇಜಿನ ಬಾಗಿಲು ಹಾಕಿ ಎರಡು ವರ್ಷವಾಯಿತು. ಕೈ ಸೋತು ಬಿಟ್ಟದ್ದಲ್ಲ, ಮಂಡಿ ಸೋತು ಬಿಟ್ಟದ್ದು. ಬೈಕ್ ಮೆಕ್ಯಾನಿಕ್ ಅಂದರೆ ದಿನಕ್ಕೆ ನೂರು ಸಲ ಕುಕ್ಕರಗಾಲಲ್ಲಿ ಕೂತು ಏಳುವವನು. ಕೂರುವುದು ನನಗೆ ಇವತ್ತಿಗೂ ಸಲೀಸು, ಏಳಬೇಕಾದರೆ ಯಾರಾದರೂ ಕೈ ಕೊಡಬೇಕು. ಹಾಗಾಗಿ ಈಗ ಕುರ್ಚಿಯ ಮೇಲೆ ಕೂತು, ಈ ಕಸುಬಿಗೆ ಹೊಸದಾಗಿ ಬರುವವರಿಗೆ ಬುದ್ಧಿ ಹೇಳುವ ಕೆಲಸ ಹಿಡಿದಿದ್ದೇನೆ. ಇದಕ್ಕೆ ಮಂಡಿ ಬೇಕಾಗಿಲ್ಲ.

ಐಟಿಐ ಮುಗಿಸಿ ಸ್ವಂತ ಗ್ಯಾರೇಜ್ ಹಾಕಿರುವ ಇಬ್ಬರು, ನಿಮ್ಮ ಅನುಭವ ಬರೆದುಕೊಡಿ ಅಂತ ದುಂಬಾಲು ಬಿದ್ದರು. ಎಷ್ಟು ಗಾಡಿ ರಿಪೇರಿ ಮಾಡಿದೆ, ಯಾರು ಕರೆದು ಶಾಲು ಹೊದಿಸಿದರು ಅನ್ನುವುದನ್ನೆಲ್ಲ ಕೇಳಿ ಕೇಳಿ ನನ್ನ ಹೆಂಡತಿಗೇ ಸಾಕಾಗಿದೆ, ನಿಮಗ್ಯಾಕೆ? ನಾನು ಬರೆಯುವುದು ಕ್ಲಚ್ಚಿನ ಬಗ್ಗೆ. ಮಂಡ್ಯದಲ್ಲಿ ನನ್ನನ್ನು ಕ್ಲಚ್ ಪುಟ್ಟಸ್ವಾಮಿ ಅಂತಲೇ ಕರೆಯುತ್ತಿದ್ದರು. ಆ ಹೆಸರು ಹೇಗೆ ಬಂತು ಅನ್ನುವುದನ್ನೂ ಹೇಳುತ್ತೇನೆ, ಅದು ಹೇಗೆ ಮಣ್ಣುಪಾಲಾಗುವುದರಲ್ಲಿತ್ತು ಅನ್ನುವುದನ್ನೂ ಹೇಳುತ್ತೇನೆ. ಎರಡಕ್ಕೂ ಕಾರಣ ಒಂದೇ.

ಮದ್ದೂರು ಅಂದರೆ ಎಲ್ಲರಿಗೂ ವಡೆ ನೆನಪಾಗುತ್ತದೆ. ನನಗೆ ನೆನಪಾಗುವುದು ಸುಟ್ಟ ಕ್ಲಚ್ ಪ್ಲೇಟಿನ ವಾಸನೆ. ನಾನು ಕೆಲಸ ಕಲಿತದ್ದು ಅಲ್ಲಿ, ಶಿಂಷಾ ಸೇತುವೆಯ ಹತ್ತಿರವಿದ್ದ ರಹೀಮ್ ಉಸ್ತಾದರ ಗ್ಯಾರೇಜಿನಲ್ಲಿ. ನಮ್ಮ ಕಸುಬಿನಲ್ಲಿ ಗುರುವಿಗೆ ಸಾರ್ ಅನ್ನುವುದಿಲ್ಲ, ಉಸ್ತಾದ್ ಅನ್ನುತ್ತೇವೆ. ಬೈಯುವುದರಲ್ಲಿ ಅವರದು ಎತ್ತಿದ ಕೈ. ತಪ್ಪು ಸ್ಪ್ಯಾನರ್ ಕೊಟ್ಟರೆ ಅದೇ ಸ್ಪ್ಯಾನರ್ ವಾಪಸ್ಸು ಹಾರಿ ಬರುತ್ತಿತ್ತು. ಅದನ್ನು ಗಾಳಿಯಲ್ಲೇ ಹಿಡಿದುಕೊಂಡರೆ, ಬೈಯುತ್ತಿದ್ದ ಬಾಯಲ್ಲೇ ಶಭಾಷ್ ಅನ್ನುತ್ತಿದ್ದರು. ಕೆಲಸ ಕಲಿಯುವ ಮೊದಲು ನಾನು ಕ್ಯಾಚ್ ಹಿಡಿಯುವುದನ್ನು ಕಲಿತೆ.

ಕ್ಲಚ್ ಅಂದರೆ ಏನು ಅಂತ ಅವರು ಒಂದೇ ಮಾತಿನಲ್ಲಿ ಹೇಳಿಕೊಟ್ಟಿದ್ದರು. "ಗಂಡ ಎಂಡ್ತಿ ಇದ್ದಂಗೆ ಕಣ್ಲಾ. ಯಾವಾಗ್ಲೂ ಅಂಟ್ಕೊಂಡೇ ಇದ್ರೂ ಕಷ್ಟ, ಯಾವಾಗ್ಲೂ ಬುಟ್ಕೊಂಡೇ ಇದ್ರೂ ಕಷ್ಟ." ಗೊತ್ತಿಲ್ಲದವರಿಗೆ ಸ್ವಲ್ಪ ಬಿಡಿಸಿ ಹೇಳುತ್ತೇನೆ. ಎಂಜಿನ್ ತಿರುಗುತ್ತಲೇ ಇರುತ್ತದೆ. ಚಕ್ರಕ್ಕೆ ಅದು ಬೇಕಾದಾಗ ಸೇರಬೇಕು, ಬೇಡದಾಗ ಬಿಡಬೇಕು. ಅದಕ್ಕಾಗಿ ಎಂಜಿನ್ನಿನ ಒಳಗೆ ಒಂದು ಬಟ್ಟಲು, ಬಟ್ಟಲಿನಲ್ಲಿ ಒಂದರ ಮೇಲೊಂದು ಜೋಡಿಸಿದ ಬಿಲ್ಲೆಗಳು, ಆ ಬಿಲ್ಲೆಗಳನ್ನು ಒತ್ತಿ ಹಿಡಿಯುವ ಸ್ಪ್ರಿಂಗುಗಳು ಇರುತ್ತವೆ. ಎಡಗೈಯಲ್ಲಿ ಲಿವರ್ ಎಳೆದರೆ ಒತ್ತಡ ಹೋಗಿ ಬಿಲ್ಲೆಗಳು ಬಿಡುತ್ತವೆ. ಲಿವರ್ ಬಿಟ್ಟರೆ ಮತ್ತೆ ಕಚ್ಚಿಕೊಳ್ಳುತ್ತವೆ. ಇಷ್ಟೇ ಕ್ಲಚ್ಚು.

ಆದರೆ ನಮ್ಮ ಸೀಮೆಯ ಗಾಡಿಗಳಿಗೆ ಕಂಪನಿಯವರು ಬರೆದ ಕಾನೂನು ನಡೆಯುವುದಿಲ್ಲ. ಇಬ್ಬರು ಕೂರುವ ಬೈಕಿನ ಹಿಂದೆ ಆಳೆತ್ತರ ಕಬ್ಬಿನ ಸೋಗೆ, ಎರಡು ಪಕ್ಕಕ್ಕೆ ಹಾಲಿನ ಕ್ಯಾನು, ಅದರ ಮೇಲೆ ಹಿಂಡಿ ಮೂಟೆ. ಇಷ್ಟನ್ನೂ ಹೇರಿಕೊಂಡು ನಾಲೆ ಏರಿ ಹತ್ತಿಸಿದರೆ ಬಿಲ್ಲೆಗಳು ಜಾರದೆ ಇನ್ನೇನು ಮಾಡುತ್ತವೆ? ಎಂಜಿನ್ ಕೂಗುತ್ತದೆ, ಗಾಡಿ ನಿಂತಲ್ಲೇ ನಿಂತಿರುತ್ತದೆ. ಇದಕ್ಕೆ ಉಸ್ತಾದರ ಔಷಧಿ ಒಂದೇ. ಪ್ರತಿ ಸ್ಪ್ರಿಂಗಿನ ಜೊತೆಗೂ ಒಂದೊಂದು ತೆಳ್ಳನೆಯ ವಾಷರ್ ಕೂರಿಸಿಬಿಡುವುದು. ಸ್ಪ್ರಿಂಗ್ ಇನ್ನಷ್ಟು ಅದುಮಿಕೊಂಡು ಬಿಲ್ಲೆಗಳನ್ನು ಗಟ್ಟಿಯಾಗಿ ಹಿಡಿಯುತ್ತದೆ. ಲಿವರ್ ಭಾರವಾಗುತ್ತದೆ, ನಿಜ. ಆದರೆ ದಿನವಿಡೀ ಗುದ್ದಲಿ ಹಿಡಿಯುವ ಕೈಗೆ ಕ್ಲಚ್ ಲಿವರ್ ಯಾವ ಲೆಕ್ಕ!

ನಾನು ಗುತ್ತಲಿಗೆ ಬಂದು ಸ್ವಂತ ಗ್ಯಾರೇಜ್ ಹಾಕಿದಾಗ ಈ ವಾಷರ್ ವಿದ್ಯೆಯನ್ನೂ ಕಟ್ಟಿಕೊಂಡು ಬಂದೆ. ಪುಟ್ಟಸ್ವಾಮಿ ಕೈಯಲ್ಲಿ ಕ್ಲಚ್ ಕಟ್ಟಿಸಿದರೆ ಗಾಡಿ ಬೆಟ್ಟವನ್ನೂ ಎಳೆಯುತ್ತದೆ ಅಂತ ಸುದ್ದಿಯಾಯಿತು. ರೈತರು ಗಾಡಿ ನಿಲ್ಲಿಸಿ, "ಎಂಗೆ ಕಟ್ಬೇಕು ಅಂತ ನಿಂಗೊತ್ತಲ್ಲಾ" ಅಂತ ಹೇಳಿ ಸಂತೆಗೆ ಹೋಗುತ್ತಿದ್ದರು. ಬರಬರುತ್ತಾ ಕೇಳುವುದೂ ಬೇಡವಾಯಿತು, ಯೋಚಿಸುವುದೂ ಬೇಡವಾಯಿತು. ಸಾರು ಕುದಿಯುತ್ತಿದ್ದ ಹಾಗೆ ಕೈ ಒಗ್ಗರಣೆ ಸೌಟಿಗೆ ಹೋಗುತ್ತದಲ್ಲ, ಹಾಗೆ ಕ್ಲಚ್ ಕಟ್ಟುತ್ತಿದ್ದ ಹಾಗೆ ನನ್ನ ಕೈ ತಾನಾಗಿ ವಾಷರ್ ಡಬ್ಬಿಗೆ ಹೋಗುತ್ತಿತ್ತು. ಇದನ್ನು ಸ್ವಲ್ಪ ನೆನಪಿಟ್ಟುಕೊಳ್ಳಿ.

ತಪ್ಪು ಮಾಡಿಲ್ಲವೆ? ಮಾಡಿದ್ದೇನೆ. ಮೊದಮೊದಲು ಒಬ್ಬ ಗೌಡರ ಬೈಕಿನ ಕ್ಲಚ್ಚನ್ನು ಎಷ್ಟು ಬಿಗಿದಿದ್ದೆ ಅಂದರೆ, ಲಿವರ್ ಪೂರ್ತಿ ಎಳೆದರೂ ಬಿಲ್ಲೆಗಳು ಬಿಡುತ್ತಿರಲಿಲ್ಲ. ಗೌಡರು ಮನೆ ಮುಂದೆ ಗಾಡಿ ನಿಲ್ಲಿಸಲು ಲಿವರ್ ಎಳೆದಿದ್ದಾರೆ, ಗಾಡಿ ನಿಲ್ಲದೆ ಮನೆ ದಾಟಿದೆ. ಬ್ರೇಕ್ ಒತ್ತುವುದೂ ಹೊಳೆಯಲಿಲ್ಲ, ಕೀ ತಿರುಗಿಸುವುದೂ ಹೊಳೆಯಲಿಲ್ಲ. "ಇಡ್ಕಳ್ರಪ್ಪೋ, ಇಡ್ಕಳ್ರೋ" ಅಂತ ಕೂಗಿಕೊಂಡು ಊರನ್ನು ಎರಡು ಸುತ್ತು ಹಾಕಿ, ಕೊನೆಗೆ ಹುಲ್ಲಿನ ಮೆದೆಗೆ ನುಗ್ಗಿ ನಿಂತರು. ಮಾರನೆ ದಿನ ತಲೆಯಲ್ಲಿ ಇನ್ನೂ ಹುಲ್ಲು ಇಟ್ಟುಕೊಂಡೇ ನನ್ನ ಗ್ಯಾರೇಜಿಗೆ ಬಂದರು. ಅವತ್ತು ಅವರು ಬೈದ ಬೈಗುಳ ಉಸ್ತಾದರಿಗೂ ಬರುತ್ತಿರಲಿಲ್ಲ.

ಈಚೆಗೆ ಕೆಲಸದ ರೀತಿಯೇ ಬದಲಾಯಿತು. ನಾವು ಕ್ಲಚ್ಚಿನ ನಡುವಿನ ನಟ್ಟನ್ನು ಉಳಿ ಇಟ್ಟು ಸುತ್ತಿಗೆಯಲ್ಲಿ ಹೊಡೆದು ಬಿಚ್ಚುತ್ತಿದ್ದೆವು. ಈಗ ಹಿಡಿದುಕೊಳ್ಳಲು ಒಂದು ಟೂಲು, ಬಿಚ್ಚಲು ಒಂದು ಟೂಲು. ಎಷ್ಟು ಬಿಗಿಯಬೇಕು ಅಂತ ಕೈ ಹೇಳುತ್ತಿತ್ತು, ಈಗ ಟಾರ್ಕ್ ರೆಂಚ್ 'ಟಕ್' ಅಂತ ಹೇಳುತ್ತದೆ. ಗೊತ್ತಿಲ್ಲದಿದ್ದರೆ ಫೋನಿನಲ್ಲಿ ವಿಡಿಯೋ ಇದೆ. ನಾನು ಟಾರ್ಕ್ ರೆಂಚ್ ಕೊಂಡುಕೊಂಡೆ, ಬಳಸುವುದನ್ನೂ ಕಲಿತೆ. ಒಂದನ್ನು ಮಾತ್ರ ಕಲಿಯಲಿಲ್ಲ. ಸಾಮಾನಿನ ಜೊತೆ ಬರುವ ಕಾಗದ ಓದುವುದನ್ನು.

ಇನ್ನು ಪವಿತ್ರಳ ವಿಷಯ. ಗ್ಯಾರೇಜ್ ಮುಚ್ಚುವುದಕ್ಕೆ ಹಿಂದಿನ ವರ್ಷ ನಡೆದದ್ದು ಇದು.

ಪವಿತ್ರ ಮಳವಳ್ಳಿ ಕಡೆಯ ಹುಡುಗಿ, ನನ್ನ ಹಳೆಯ ಗಿರಾಕಿ ಸಿದ್ದೇಗೌಡನ ಮಗಳು. ವಯಸ್ಸು ಇಪ್ಪತ್ತೇಳೋ ಇಪ್ಪತ್ತೆಂಟೋ ಇರಬೇಕು. ಮನೆಯಲ್ಲಿ ಚಾಕಿ ಸಾಕಣೆ. ಅಂದರೆ ರೇಷ್ಮೆ ಹುಳು ಮೊಟ್ಟೆಯೊಡೆದು ಬಂದ ಮೇಲೆ ಎರಡು ಜ್ವರ, ಅಂದರೆ ಎರಡು ಸಲ ಪೊರೆ ಬಿಡುವುದು, ಕಳೆಯುವ ತನಕ ಸಾಕಿ ರೈತರಿಗೆ ಕೊಡುವ ಕೆಲಸ. ಎಳೆಯ ಹುಳುವನ್ನು ಕೋಳಿಪುಕ್ಕದಲ್ಲಿ ಎತ್ತುವಷ್ಟು ನಾಜೂಕು ಕೈಯವಳು ಮಣ್ಣಿನ ಟ್ರ್ಯಾಕಿನಲ್ಲಿ ರೇಸ್ ಬೈಕ್ ಓಡಿಸುತ್ತಿದ್ದಳು. ಗುಡ್ಡ ಹಾರುವುದು, ಕೆಸರಲ್ಲಿ ತಿರುಗಿಸುವುದು, ಅದಕ್ಕೆಂದೇ ಮಾಡಿದ ಎತ್ತರದ ಬೈಕು. ಅದಕ್ಕೂ ಎರಡು ವರ್ಷದ ಹಿಂದೆ ಒಂದು ರೇಸಿನಲ್ಲಿ ಬಿದ್ದು ಎಡಗೈ ಮಣಿಕಟ್ಟು ಮುರಿದುಕೊಂಡಿದ್ದಳು. ಒಳಗೆ ಪ್ಲೇಟ್ ಹಾಕಿದ್ದರು. ಒಂದು ವರ್ಷ ಸ್ಪಂಜಿನ ಚೆಂಡು ಹಿಸುಕಿ ಹಿಸುಕಿ ಕೈಯನ್ನು ದಾರಿಗೆ ತಂದುಕೊಂಡು, ಡಾಕ್ಟರಿಂದ ಹೂಂ ಅನ್ನಿಸಿಕೊಂಡು, ಮದ್ದೂರಿನ ಹತ್ತಿರ ಬತ್ತಿದ ಕೆರೆಯಂಗಳದಲ್ಲಿ ನಡೆಯುವ ರೇಸಿಗೆ ಹೆಸರು ಕೊಟ್ಟಿದ್ದಳು. ರೇಸಿಗೆ ಇನ್ನೂ ಒಂದು ತಿಂಗಳಿತ್ತು.

"ಇದೊಂದ್ ಸಲ ನೋಡ್ತೀನಿ ಅಣ್ಣ. ಕೈ ತಡ್ಕೊಂತು ಅಂದ್ರೆ ಓಡಿಸ್ತೀನಿ. ಇಲ್ಲಾಂದ್ರೆ ಗಾಡಿ ಮಾರ್ಬುಟ್ಟು ಉಳ ಸಾಕ್ಕೊಂಡು ತೆಪ್ಪಗಿರ್ತೀನಿ" ಅಂದಳು.

ಎರಡು ವರ್ಷ ನಿಂತಿದ್ದ ಗಾಡಿಯ ಕ್ಲಚ್ಚು ಜರ್ಕ್ ಹೊಡೆಯುತ್ತಿತ್ತು. ಬಲಗಡೆಯ ಕವರ್ ಬಿಚ್ಚಿ ನೋಡಿದೆ. ಬಿಲ್ಲೆಗಳು ಕೂರುವ ಬಟ್ಟಲು ಅಂದೆನಲ್ಲ, ಅದಕ್ಕೆ ಬಾಸ್ಕೆಟ್ ಅನ್ನುತ್ತಾರೆ. ಅದರ ಸುತ್ತ ಬೆರಳುಗಳಿರುತ್ತವೆ, ಬಿಲ್ಲೆಗಳ ಕಿವಿಗಳು ಆ ಬೆರಳುಗಳ ಸಂದಿಯಲ್ಲಿ ಹಿಂದೆ ಮುಂದೆ ಜಾರಬೇಕು. ಬಾವಿಕಟ್ಟೆಯ ಕಲ್ಲಿನಲ್ಲಿ ಹಗ್ಗ ಎಳೆದೆಳೆದು ಕಚ್ಚು ಬೀಳುವ ಹಾಗೆ ಇಲ್ಲಿ ಬೆರಳುಗಳಲ್ಲೆಲ್ಲ ಕಚ್ಚು ಬಿದ್ದಿತ್ತು. ಕಿವಿಗಳು ಅದರಲ್ಲಿ ಸಿಕ್ಕಿಕೊಳ್ಳುತ್ತಿದ್ದವು. ಕಂಪನಿಯದ್ದೇ ಹಾಕಿದರೆ ಇನ್ನೆರಡು ವರ್ಷಕ್ಕೆ ಇದೇ ಕಥೆ. ಹಾಗಾಗಿ ರೇಸಿನವರಿಗೆಂದೇ ಹೊರಗಡೆ ಮಾಡುವ ಗಟ್ಟಿ ಅಲ್ಯೂಮಿನಿಯಂ ಬಾಸ್ಕೆಟ್ಟನ್ನು, ಹೊಸ ಬಿಲ್ಲೆ, ಹೊಸ ಸ್ಪ್ರಿಂಗ್ ಸಮೇತ ಬೆಂಗಳೂರಿಂದ ತರಿಸಿದಳು.

ಅಂಥದ್ದನ್ನು ನಾನು ಅಲ್ಲಿಯವರೆಗೆ ಕೈಯಲ್ಲಿ ಹಿಡಿದಿರಲಿಲ್ಲ. ಒಂದೇ ಗಟ್ಟಿಯಿಂದ ಕಡೆದು ತೆಗೆದ ಸಾಮಾನು, ದೇವರ ಮನೆಯಲ್ಲಿ ಇಡಬಹುದು, ಅಷ್ಟು ಚೆಂದ. ಆದರೆ ಅದರ ಬೆನ್ನಿಗೆ ಗೇರ್ ಇರಲಿಲ್ಲ. ಹಳೆಯದರ ಬೆನ್ನಿಗೆ ರಿವೆಟ್ ಹೊಡೆದು ಕೂರಿಸಿದ್ದ ದೊಡ್ಡ ಗೇರನ್ನೇ ಬಿಡಿಸಿ ಹೊಸದಕ್ಕೆ ಹಾಕಬೇಕಿತ್ತು. ಡ್ರಿಲ್ಲಿನಲ್ಲಿ ರಿವೆಟ್ಟಿನ ತಲೆ ಹಾರಿಸಿದೆ. ಗೇರಿನ ಸಂದಿಯಲ್ಲಿ ಪೆಟ್ಟು ತಡೆಯುವ ರಬ್ಬರುಗಳಿರುತ್ತವೆ, ಅವು ಒಣಗಿ ಅಡಿಕೆಯಂತಾಗಿದ್ದವು. ಅವನ್ನೂ ಬದಲಾಯಿಸಿದೆ. ಹೊಸ ಸ್ಕ್ರೂಗಳು ಅಲುಗಾಡಿ ಬಿಚ್ಚಿಕೊಳ್ಳದಂತೆ ಎಳೆಗಳಿಗೆ ಅಂಟು ಹಚ್ಚಿ ಬಿಗಿದು ಒಂದು ದಿನ ಒಣಗಲು ಬಿಟ್ಟೆ. ಬಿಲ್ಲೆಗಳನ್ನು ಹಾಗೇ ಒಣಒಣ ಹಾಕುವ ಹಾಗಿಲ್ಲ, ಎಂಜಿನ್ ಆಯಿಲಿನಲ್ಲಿ ನೆನೆಹಾಕಬೇಕು. ಒಂದು ಸ್ಟೀಲ್ ದಬರಿಯಲ್ಲಿ ನೆನೆಹಾಕಿದೆ. ಆ ದಬರಿ ಮನೆಯಿಂದ ತಂದದ್ದು ಅನ್ನುವುದು ನನ್ನ ಹೆಂಡತಿಗೆ ಇದನ್ನು ಓದಿದ ಮೇಲೇ ಗೊತ್ತಾಗುವುದು.

ಮಾರನೆ ದಿನ ಜೋಡಿಸಿದೆ. ಬಾಸ್ಕೆಟ್ ಕೂರಿಸಿ ಬೆರಳಲ್ಲಿ ತಿರುಗಿಸಿದರೆ ಸದ್ದಿಲ್ಲದೆ ತಿರುಗಿತು. ನಟ್ಟನ್ನು ಟಾರ್ಕ್ ರೆಂಚಿನಲ್ಲಿ ಬಿಗಿದೆ, 'ಟಕ್' ಅಂದಿತು. ಬಿಲ್ಲೆಗಳನ್ನು ಒಂದೊಂದಾಗಿ ಬಿಟ್ಟರೆ ನೀರಿಗೆ ಬಿಟ್ಟ ಹಾಗೆ ಜಾರಿ ಕೂತವು. ಕೊನೆಯಲ್ಲಿ ಆರು ಸ್ಪ್ರಿಂಗು. ಆ ಹೊತ್ತಿಗೆ ನಾನು ಎಷ್ಟು ಖುಷಿಯಾಗಿದ್ದೆ ಅಂದರೆ, ಬಾಯಲ್ಲಿ ಶಿಳ್ಳೆ ಹಾಕುತ್ತಿದ್ದೆ. ಕೈ ತಾನಾಗಿ ಡಬ್ಬಿಗೆ ಹೋಯಿತು. ಆರು ಸ್ಪ್ರಿಂಗಿಗೆ ಆರು ವಾಷರ್ ಹಾಕಿ ಬಿಗಿದು ಕವರ್ ಮುಚ್ಚಿದೆ. ಸಾಮಾನಿನ ಜೊತೆ ಬಂದಿದ್ದ ಕಾಗದದಲ್ಲಿ ಕೈ ಒರೆಸಿಕೊಂಡೆ.

ಗಾಡಿ ತೆಗೆದುಕೊಂಡು ಹೋಗಲು ಬಂದ ಪವಿತ್ರ ಆ ಕಾಗದ ನೋಡಿ, "ಇದ್ರಲ್ಲೇನೈತೆ ಅಂತ ಓದಿದ್ರಾ ಅಣ್ಣ?" ಅಂತ ಕೇಳಿದಳು.

"ನಲವತ್ತು ವರ್ಸದಿಂದ ನಾನು ಕ್ಲಚ್ಚನ್ನೇ ಓದ್ತಾ ಇವ್ನಿ ಕಣವ್ವ. ಕಾಗ್ದ ಯಾಕೆ?" ಅಂದೆ. ಅವಳು ನಕ್ಕಳು. ನಾನೂ ನಕ್ಕೆ.

ಮುಂದಿನ ವಾರ ಅವಳು ಅಭ್ಯಾಸ ಮಾಡುವುದನ್ನು ನೋಡಲು ಮಳವಳ್ಳಿಗೆ ಹೋದೆ. ಹಿಪ್ಪುನೇರಳೆ ತೋಟದ ಪಕ್ಕದ ಬೀಳಿನಲ್ಲಿ ಟ್ರ್ಯಾಕ್ ಮಾಡಿಕೊಂಡಿದ್ದಳು. ಮೊದಲ ಸುತ್ತು ಬಾಣ ಬಿಟ್ಟ ಹಾಗೆ ಹೋಯಿತು. ಬಾಸ್ಕೆಟ್ ಅಂದರೆ ಬಾಸ್ಕೆಟ್ಟು, ಜರ್ಕ್ ಅನ್ನುವುದೇ ಇಲ್ಲ. ನಾನು ಸಿದ್ದೇಗೌಡನ ಕಡೆ ನೋಡಿ ಮೀಸೆ ತಿರುವಿದೆ. ಎರಡನೆಯ ಸುತ್ತಿನಲ್ಲಿ ತಿರುವುಗಳಲ್ಲಿ ತಡವರಿಸಿದಳು. ಮೂರನೆಯ ಸುತ್ತಿಗೆ ಗಾಡಿ ನಿಂತೇ ಹೋಯಿತು. ಇಳಿದವಳು ಎಡಗೈ ಒದರಿಕೊಂಡಳು, ಬಲಗೈಯಲ್ಲಿ ಅದನ್ನು ಒತ್ತಿಕೊಂಡಳು.

"ಬೆಳ್ಳು ಮಡಚಾಕೇ ಆಯ್ತಾ ಇಲ್ಲ ಕಣಣ್ಣ. ಕ್ಲಚ್ಚೇನಾದ್ರೂ ವಸಿ ಗಟ್ಟಿ ಆಗೈತಾ?"

ನಾನು ಹೋಗಿ ಲಿವರನ್ನು ಒಂದು ಸಲ ಎಳೆದು ನೋಡಿದೆ. ಸೋಗೆ ಹೊರುವ ಗಾಡಿಗಳ ಲಿವರ್ ಎಳೆದೆಳೆದು ಒರಟಾದ ಕೈ ನನ್ನದು. ಅದಕ್ಕೆ ಎಲ್ಲವೂ ಹಗುರವೇ.

"ಬೆಣ್ಣೆ ಇದ್ದಂಗೈತೆ. ಕ್ಲಚ್ಚಲ್ಲಿ ಏನೂ ಇಲ್ಲ ಕಣವ್ವ, ನಿನ್ ಕೈಯೇ ಇನ್ನೂ ಸರಿಯಾಗಿಲ್ಲ" ಅಂದೆ.

ಎಷ್ಟು ಸುಲಭವಾಗಿ ಅಂದುಬಿಟ್ಟೆ! ಅವಳು ತನ್ನ ಎಡಗೈಯನ್ನು ಮಗುಚಿ ನೋಡಿಕೊಂಡಳು. ಸುಳ್ಳು ಹೇಳಿದ ಮಗುವನ್ನು ತಾಯಿ ನೋಡುವ ಹಾಗೆ ಅದನ್ನು ನೋಡಿದಳು. ಸಿದ್ದೇಗೌಡ ಎದ್ದು ಪಂಚೆ ಕೊಡವಿಕೊಂಡು ತೋಟದ ಕಡೆ ಹೋದ. ನಾನು ಅವರ ಮನೆಯಲ್ಲಿ ಊಟ ಮಾಡಿ, ಚೆನ್ನಾಗಿಯೇ ಊಟ ಮಾಡಿ, ಬಸ್ಸು ಹತ್ತಿ ಬಂದೆ.

ನಾಲ್ಕು ದಿನಕ್ಕೆ ಗೂಡ್ಸ್ ಆಟೋದಲ್ಲಿ ಬೈಕು ನನ್ನ ಗ್ಯಾರೇಜಿನ ಮುಂದೆ ಬಂದಿಳಿಯಿತು. ಹಿಂದೆ ಪವಿತ್ರ ಇದ್ದಳು.

"ಯಾರಾದ್ರೂ ಬಂದ್ರೆ ಕೊಟ್ಬುಡಿ ಅಣ್ಣ. ದಿನಾ ಓಡಿಸಿ ನೋಡ್ದೆ. ಮೂರು ಸುತ್ತಿಗೇ ಕೈ ಸತ್ತೋಯ್ತದೆ" ಅಂದಳು. ಟ್ಯಾಂಕಿನ ಮೇಲಿನ ಧೂಳನ್ನು ತನ್ನ ವೇಲಿನಲ್ಲಿ ಒರೆಸಿದಳು. ಹೆಲ್ಮೆಟ್ಟನ್ನೂ ಬಿಟ್ಟು ಹೋದಳು. ನನಗೆ ಬೇಜಾರಾಯಿತು. ಆದರೆ ಅವಳ ಕೈ ಬಗ್ಗೆ ಬೇಜಾರಾಯಿತೇ ಹೊರತು ನನ್ನ ಕೆಲಸದ ಬಗ್ಗೆ ಒಂದು ಚೂರೂ ಅನುಮಾನ ಬರಲಿಲ್ಲ. ಹೆಸರು ಬಂದ ಮೇಲೆ ಮನುಷ್ಯನಿಗೆ ಬರುವ ಕಾಯಿಲೆ ಇದು. ನಿಮಗೂ ಬರುತ್ತದೆ, ಹುಷಾರಾಗಿರಿ.

ರೇಸಿಗೆ ಇನ್ನು ನಾಲ್ಕು ದಿನ ಇದೆ ಅನ್ನುವಾಗ ಯಲಿಯೂರಿನ ಶಿವಣ್ಣ ಗಾಡಿ ನೋಡಲು ಬಂದ. ಹಾಲು ವ್ಯಾಪಾರ, ಹತ್ತು ಎಮ್ಮೆ ಸಾಕಿದ್ದಾನೆ. ತೊಲೆಯಂಥ ತೋಳು. ನಾಲೆ ಏರಿಯ ಮೇಲೆ ಓಡಿಸಲು ಒಂದು ಒಳ್ಳೆಯ ಮಣ್ಣಿನ ಬೈಕು ಬೇಕು ಅಂತ ಬಹಳ ದಿನದಿಂದ ಆಸೆ ಅವನಿಗೆ. ಗ್ಯಾರೇಜಿನ ಹಿಂದಿನ ಖಾಲಿ ಸೈಟಿನಲ್ಲಿ ಓಡಿಸಿ ನೋಡು ಅಂದೆ. ಹೋದವನು ಐದಾರು ಸುತ್ತು ಹಾಕಿ ಬಂದು ಗಾಡಿ ನಿಲ್ಲಿಸಿ, ಎಡಗೈಯನ್ನು ಒದರಿದ. ಆಮೇಲೆ ಬಲಗೈಯಲ್ಲಿ ಅದನ್ನು ಒತ್ತಿಕೊಂಡ.

"ಯಜಮಾನ್ರೇ, ದಿನಕ್ಕೆರಡೊತ್ತು ಅತ್ತೆಮ್ಮೆ ಕರೆಯೋ ಕೈ ಕಣ್ರೀ ಇದು. ಇದುಕ್ಕೇ ನೋವು ಬಂದದೆ ಅಂದ್ರೆ ಇದೇನ್ ಕ್ಲಚ್ಚಾ, ಇಲ್ಲಾ ಗಾಣವಾ? ಯಾರ್ ಓಡಿಸ್ತಿದ್ರು ಇದುನ್ನ?"

"ಮಳವಳ್ಳಿ ಕಡೇ ಒಬ್ಳು ಎಣ್ಮಗಳು" ಅಂದೆ.

"ಎಣ್ಮಗಳಾ?" ಅಂತ ಬಾಯಿ ಬಿಟ್ಟ. "ಅಂಗಾದ್ರೆ ಆವಮ್ಮನ ಕೈ ಉಕ್ಕು ಕಣ್ರಪ್ಪ."

ಶಿವಣ್ಣ ಇನ್ನೂ ಏನೇನೋ ಹೇಳುತ್ತಿದ್ದ. ನನಗೆ ಕೇಳಿಸಿದ್ದು ಡಬ್ಬಿಯ ಸದ್ದು ಮಾತ್ರ. ಆ ದಿನ ಶಿಳ್ಳೆ ಹಾಕುತ್ತಾ ಕೈ ಹಾಕಿದ ಡಬ್ಬಿ. ಬೆಂಚಿನ ಕೆಳಗೆ ಬಿದ್ದಿದ್ದ ಆ ಕಾಗದವನ್ನು ಹುಡುಕಿ ತೆಗೆದು ಮಡಿಕೆ ಬಿಡಿಸಿದೆ. ಇಂಗ್ಲಿಷ್ ನನಗೆ ಅಷ್ಟಕ್ಕಷ್ಟೆ, ಆದರೂ ಗ್ರೀಸಿನ ಗುರುತುಗಳ ನಡುವೆ ಓದುವಷ್ಟು ಬಂತು. ಈ ಸ್ಪ್ರಿಂಗುಗಳು ಮೊದಲೇ ಕಂಪನಿಯವಕ್ಕಿಂತ ಬಿಗಿಯಾಗಿವೆ, ಜೊತೆಗೆ ಏನನ್ನೂ ಸೇರಿಸಬೇಡಿ ಅಂತ ಚಿತ್ರ ಸಮೇತ ಬರೆದಿದ್ದರು. ಸೋಗೆ ಹೊರೆಗೆ ಹಾಕುವ ಒಗ್ಗರಣೆಯನ್ನು ನಾನು ಆ ಹುಡುಗಿಯ ಮುರಿದ ಕೈಗೆ ಹಾಕಿದ್ದೆ.

"ಇದೊಂದ್ ವಸಿ ಸಡ್ಲ ಮಾಡ್ಕೊಡಿ, ಇವತ್ತೇ ತಕ್ಕೊಂಡೋಯ್ತೀನಿ" ಅಂದ ಶಿವಣ್ಣ.

ಸುಳ್ಳು ಹೇಳುವುದಿಲ್ಲ, ಒಂದು ಗಳಿಗೆ ಆಸೆಯಾಯಿತು. ವಾಷರ್ ತೆಗೆಯಲು ಅರ್ಧ ಗಂಟೆ ಸಾಕು. ಗಾಡಿ ಯಲಿಯೂರಿಗೆ ಹೋಗುತ್ತದೆ, ಪವಿತ್ರ ಹುಳು ಸಾಕಿಕೊಂಡಿರುತ್ತಾಳೆ, ಕ್ಲಚ್ ಪುಟ್ಟಸ್ವಾಮಿಯ ಹೆಸರು ಹಾಗೇ ಇರುತ್ತದೆ. ಯಾರಿಗೂ ಗೊತ್ತಾಗುವುದಿಲ್ಲ. ಆದರೆ ಅವಳು ಬದುಕಿರುವಷ್ಟು ದಿನವೂ ತನ್ನ ಕೈ ಕೆಲಸಕ್ಕೆ ಬಾರದ್ದು ಅಂದುಕೊಂಡಿರುತ್ತಾಳೆ.

"ಗಾಡಿ ಮಾರಾಕಿಲ್ಲ ಕಣಪ್ಪ" ಅಂದೆ.

"ಅಲ್ರೀ, ಈಗ್ತಾನೆ ಓಡ್ಸಿ ನೋಡು ಅಂದ್ರಲ್ಲ!"

"ಅದು ನನ್ನ ತೆಪ್ಪು ತೋರ್ಸಾಕೆ ನೀನು ಬರ್ಬೇಕಾಗಿತ್ತು, ಅದುಕ್ಕೇ. ಕಾಫಿ ಕುಡ್ಕೊಂಡೋಗು ಬಾ." ಪಾಪ, ಅವನಿಗೆ ಏನೂ ಅರ್ಥವಾಗಲಿಲ್ಲ. ಕಾಫಿ ಕುಡಿದು ಹೋದ.

ಕವರ್ ಬಿಚ್ಚಿ ಆರೂ ವಾಷರ್ ತೆಗೆದೆ. ಮತ್ತೆ ಜೋಡಿಸಿ ಲಿವರ್ ಎಳೆದರೆ ಎರಡು ಬೆರಳಿಗೆ ಬಂತು. ವಾಷರುಗಳನ್ನು ಷರ್ಟಿನ ಜೇಬಿಗೆ ಹಾಕಿಕೊಂಡು ಬೆಳಗಿನ ಬಸ್ಸಿಗೆ ಮಳವಳ್ಳಿಗೆ ಹೊರಟೆ. ಫೋನ್ ಮಾಡಬಹುದಿತ್ತು. ಆದರೆ ಕ್ಷಮೆ ಕೇಳುವುದನ್ನು ಫೋನಿನಲ್ಲಿ ಕೇಳಿದರೆ ಅದು ಅರ್ಧ ಕ್ಷಮೆ. ದಾರಿಯುದ್ದಕ್ಕೂ ಏನು ಹೇಳಬೇಕು ಅಂತ ಜೋಡಿಸಿಕೊಂಡೆ. ಮೊದಲು ಉಸ್ತಾದರ ಕಾಲದ ಪದ್ಧತಿ ವಿವರಿಸುವುದು, ಆಮೇಲೆ ನಮ್ಮ ಸೀಮೆಯ ಗಾಡಿಗಳ ಭಾರ, ಆಮೇಲೆ ಮೆಲ್ಲಗೆ ವಿಷಯಕ್ಕೆ ಬರುವುದು.

ಪವಿತ್ರ ಹುಳುಮನೆಯ ಒಳಗಿದ್ದಳು. ಬಾಗಿಲಿಗೆ ಕಾಲಿಟ್ಟೆನೋ ಇಲ್ಲವೋ, ಒಳಗಿಂದಲೇ ಕೂಗಿದಳು. "ಒಳೀಕೆ ಬರ್ಬ್ಯಾಡಿ ಅಣ್ಣ, ಉಳಕ್ಕೆ ಕಾಯ್ಲೆ ಬತ್ತದೆ! ಕಿಟ್ಕಿ ತಾವ ಬನ್ನಿ."

ಹುಳುಮನೆಗೆ ಹೊರಗಿನವರನ್ನು ಬಿಡುವುದಿಲ್ಲ. ಸುಣ್ಣದ ಪುಡಿ ತುಳಿದು, ಔಷಧಿ ನೀರಿನಲ್ಲಿ ಕೈ ತೊಳೆದೇ ಒಳಗೆ ಹೋಗಬೇಕು. ಗ್ರೀಸ್ ಮೆತ್ತಿಕೊಂಡ ನನ್ನಂಥವನಿಗಂತೂ ಜಾಗವೇ ಇಲ್ಲ. ಸೊಳ್ಳೆಪರದೆ ಹೊಡೆದ ಕಿಟಕಿಯ ಹೊರಗೆ ನಿಂತುಕೊಂಡೆ. ಒಳಗೆ ಅವಳು ಎಳೆಯ ಸೊಪ್ಪನ್ನು ಸಣ್ಣಗೆ ಕತ್ತರಿಸುತ್ತಿದ್ದಳು. ಎಡಗೈಯಲ್ಲಿ ಸೊಪ್ಪಿನ ಕಂತೆ ಒತ್ತಿ ಹಿಡಿದಿದ್ದಳು. ಆ ಕೈ ನೋಡಿದ ತಕ್ಷಣ ಜೋಡಿಸಿಕೊಂಡ ಮಾತೆಲ್ಲ ಮರೆತುಹೋಯಿತು. ಜೇಬಿನಿಂದ ವಾಷರುಗಳನ್ನು ತೆಗೆದು ಕಿಟಕಿಯ ಕಟ್ಟೆಯ ಮೇಲೆ ಒಂದೊಂದಾಗಿ ಇಟ್ಟೆ.

"ಇವು ನಿನ್ ಗಾಡಿ ಕ್ಲಚ್ಚಲ್ಲಿದ್ವು. ನಾನೇ ಆಕಿದ್ದು. ಕಾಗ್ದದಲ್ಲಿ ಬ್ಯಾಡ ಅಂತ ಬರ್ದಿದ್ರು, ನಾನು ಓದ್ನಿಲ್ಲ. ಗಾಡಿ ನೋಡಾಕ್ ಬಂದಿದ್ದ ಅತ್ತೆಮ್ಮೆ ಕರೆಯೋನೇ ಇದುನ್ನ ಎಳೀನಾರ್ದೆ ಕೈ ಒದರ್ಕೊಂಡ. ನಿನ್ ಕೈ ಸರಿಯಾಗಿಲ್ಲ ಅಂದ್ನಲ್ಲ, ಅದು ಸುಳ್ಳು ಕಣವ್ವ."

ಅವಳ ಚಾಕು ನಿಂತಿತು. ಎದ್ದು ಕಿಟಕಿಯ ಹತ್ತಿರ ಬಂದಳು. ಬೈಗುಳಕ್ಕೆ ನಾನು ತಲೆ ತಗ್ಗಿಸಿ ತಯಾರಾದೆ.

"ಅಂಗಾದ್ರೆ ನನ್ ಕೈ ಚೆನ್ನಾಗೈತಾ?" ಅಂತ ಕೇಳಿದಳು.

"ಚೆನ್ನಾಗೈತೆ."

"ದಿಟ್ವಾಗ್ಲೂ?"

"ನಿನ್ ಕೈಗೇನೂ ಆಗಿಲ್ಲ ಕಣವ್ವ. ನನ್ ತಲೆಗಾಗಿತ್ತು."

ಅವಳು ಅಲ್ಲೇ ಕುಕ್ಕರಿಸಿ ಕೂತು ಮೊಣಕೈಯಲ್ಲಿ ಮುಖ ಮುಚ್ಚಿಕೊಂಡು ಅತ್ತಳು. ನನಗೂ ಕಣ್ಣಲ್ಲಿ ನೀರು ಬಂತು. ನಡುವೆ ಪರದೆ, ತಲೆ ಮುಟ್ಟಿ ಸಮಾಧಾನ ಮಾಡೋಣವೆಂದರೆ ಅದೂ ಇಲ್ಲ. ಅತ್ತು ಮುಗಿದ ಮೇಲೆ ಎದ್ದಳು, ಆಗ ಶುರುವಾಯಿತು ನೋಡಿ.

"ಬುದ್ಧಿಗಿದ್ಧಿ ಐತಾ ನಿಮ್ಗೆ? ಒಂದ್ ಕಾಗ್ದ ಓದಾಕಾಗಕಿಲ್ವಾ? ಅದ್ನೈದು ದಿನದಿಂದ ಅನ್ನ ಮುಟ್ಟಿಲ್ಲ ಕಣ್ರೀ ನಾನು!"

ಹಿಂದೆ ಜಗಲಿಯ ಮೇಲೆ ಕೂತಿದ್ದ ಸಿದ್ದೇಗೌಡ ಕೆಮ್ಮಿದ. "ಅನ್ನ ಮುಟ್ಟಿಲ್ಲ ಅನ್ನೋದು ದಿಟ ಕಣ್ಲಾ ಪುಟ್ಸಾಮಿ. ಮುದ್ದೇನ ಮಾತ್ರ ಒತ್ತೊತ್ತಿಗೂ ಎರಡೆರಡು ಉಣ್ತಿದ್ಲು."

ಅವಳಿಗೆ ಸಿಟ್ಟಿನ ನಡುವೆಯೇ ನಗು ಬಂತು. ಬೈಗುಳ ಮಾತ್ರ ನಿಲ್ಲಲಿಲ್ಲ. ಅಷ್ಟು ಹಿತವಾದ ಬೈಗುಳವನ್ನು ನಾನು ಜನ್ಮದಲ್ಲಿ ತಿಂದಿರಲಿಲ್ಲ.

ಅವತ್ತೇ ಗೂಡ್ಸ್ ಆಟೋ ಕರೆಸಿ ಗಾಡಿಯನ್ನೂ ಹೆಲ್ಮೆಟ್ಟನ್ನೂ ಅವಳ ಮನೆಗೆ ಕಳಿಸಿದೆ. ಭಾನುವಾರ ಮದ್ದೂರಿನ ಕೆರೆಯಂಗಳದಲ್ಲಿ ಹನ್ನೊಂದು ಬೈಕುಗಳು ಸಾಲಾಗಿ ನಿಂತವು. ಜೆಸಿಬಿಯಲ್ಲಿ ಗುಡ್ಡೆ ಎಬ್ಬಿಸಿದ್ದರು, ತಿರುವುಗಳಿಗೆ ನೀರು ಹೊಡೆದು ಕೆಸರು ಮಾಡಿದ್ದರು. ಒಟ್ಟು ಎಂಟು ಸುತ್ತು. ನಾನು ಏರಿಯ ಮೇಲೆ ಸಿದ್ದೇಗೌಡನ ಪಕ್ಕ ನಿಂತಿದ್ದೆ. ಬಾವುಟ ಬೀಳುವ ಮೊದಲು ಎಲ್ಲರೂ ಗೇರ್ ಹಾಕಿ ಕ್ಲಚ್ ಎಳೆದು ಹಿಡಿದಿರುತ್ತಾರೆ. ಪವಿತ್ರಳ ಎಡಗೈಯನ್ನೇ ನೋಡಿದೆ. ಲಿವರಿನ ಮೇಲೆ ಎರಡೇ ಬೆರಳು.

ಹೊರಟಾಗ ಹಿಂದೆ ಬಿದ್ದಳು. ಎರಡು ವರ್ಷ ಬಿಟ್ಟಿದ್ದವಳಲ್ಲವೆ, ಎಂಟನೆಯವಳಾಗಿದ್ದಳು. ಮೂರನೆಯ ಸುತ್ತು ಬಂತು. ಸಿದ್ದೇಗೌಡ ನನ್ನ ತೋಳು ಹಿಡಿದುಕೊಂಡ. ಗಾಡಿ ನಿಲ್ಲಲಿಲ್ಲ. ಕೆಸರಿನ ತಿರುವಿನಲ್ಲಿ ಕ್ಲಚ್ಚನ್ನು ಅರೆಬರೆ ಬಿಟ್ಟು ಹಿಡಿದು ಇಬ್ಬರನ್ನು ದಾಟಿಕೊಂಡಳು. ನಾಲ್ಕನೆಯ ಸುತ್ತು, ಐದನೆಯ ಸುತ್ತು. ಆರನೆಯದರಲ್ಲಿ ಇನ್ನಿಬ್ಬರು ಹಿಂದೆ ಬಿದ್ದರು. "ಒಡೀ ಒಡೀ ಮಗ್ಳೇ!" ಅಂತ ಸಿದ್ದೇಗೌಡ ಕುಣಿಯುತ್ತಿದ್ದ, ಹೆಗಲ ಮೇಲಿನ ಟವೆಲ್ಲು ಎಲ್ಲಿಗೆ ಹೋಯಿತೋ ಗೊತ್ತಿಲ್ಲ. ಎಂಟು ಸುತ್ತು ಮುಗಿದಾಗ ಪವಿತ್ರ ನಾಲ್ಕನೆಯವಳು.

ನಾಲ್ಕನೆಯವರಿಗೆ ಕಪ್ಪಿಲ್ಲ. ಮೈಕಿನವನು ಮೂರು ಹೆಸರು ಕೂಗಿ ಮುಗಿಸಿದ. ಅವಳು ಗಾಡಿಯನ್ನು ಒರಗಿಸಿ, ಹೆಲ್ಮೆಟ್ ತೆಗೆದು, ಮೈಯೆಲ್ಲ ಕೆಸರಾಗಿ ಏರಿ ಹತ್ತಿ ನೇರ ನನ್ನ ಕಡೆಗೆ ಬಂದಳು. ನಾನು ಬಲಗೈ ಚಾಚಿದೆ. ಅವಳು ಬೇಡ ಅನ್ನುವ ಹಾಗೆ ತಲೆಯಾಡಿಸಿ, ಎಡಗೈಯ ಗ್ಲೌಸನ್ನು ಹಲ್ಲಿನಲ್ಲಿ ಕಚ್ಚಿ ಎಳೆದು ಬಿಸಾಕಿ, ಆ ಕೈಯನ್ನು ಮುಂದೆ ಮಾಡಿದಳು. ದೊಡ್ಡವರಿಗೆ ಎಡಗೈ ಕೊಡುವುದು ನಮ್ಮ ಕಡೆ ಮರ್ಯಾದೆಯಲ್ಲ. ಸುತ್ತ ನಿಂತವರು ನೋಡುತ್ತಿದ್ದರು. ನಾನೂ ಎಡಗೈಯನ್ನೇ ಕೊಟ್ಟೆ.

ಹಿಡಿದು ಹಿಸುಕಿದಳು. ನನ್ನ ಬೆರಳಿನ ಗೆಣ್ಣುಗಳೆಲ್ಲ ಲಟಲಟ ಅಂದವು.

"ಸಾಕು ಬುಡವ್ವಾ, ನೋಯ್ತದೆ" ಅಂದೆ.

"ಇನ್ನೂ ವಸಿ ನೋಯ್ಲಿ" ಅಂದಳು. ಬಿಡಲಿಲ್ಲ.